ಮಲಗಿದ ಹೃದಯ: ಒಂದು ರೂಪಕದ ವಿಮರ್ಶೆ

ರೂಪಕಗಳು ಕವಿಗಳ ಸ್ವತ್ತು ಎಂದು ನಾವು ಸಾಮಾನ್ಯವಾಗಿ ಭಾವಿಸಿದ್ದೇವೆ. ಕವಿಯೊಬ್ಬ ಮುಖವನ್ನು ಚಂದ್ರನೆಂದರೆ ವಿಮರ್ಶಕರು ಕೂಡಲೆ ಎಚ್ಚರಗೊಳ್ಳುತ್ತಾರೆ. ಹೋಲಿಕೆ ಹಳತೋ ಹೊಸದೋ, ಉಚಿತವೋ ಅನುಚಿತವೋ ಎಂದು ತೂಗಿ ನೋಡುತ್ತಾರೆ. ವೈದ್ಯನೊಬ್ಬ ಹೃದಯವನ್ನು ಚಳಿಗಾಲದಲ್ಲಿ ಬಿಲ ಸೇರಿದ ಪ್ರಾಣಿ ಎಂದರೆ ಮಾತ್ರ ಅದನ್ನು ತೂಗಿ ನೋಡುವವರಿಲ್ಲ. ಅದು ಶಾಸ್ತ್ರದ ಮಾತು, ನಮಗೇಕೆ ಎಂದು ಸುಮ್ಮನಾಗುತ್ತೇವೆ. ಈ ಔದಾಸೀನ್ಯ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾವ್ಯದಲ್ಲಿ ಹೋಲಿಕೆ ಕೆಟ್ಟರೆ ಕೆಡುವುದು ಒಂದು ಪದ್ಯ. ಆಸ್ಪತ್ರೆಯಲ್ಲಿ ಹೋಲಿಕೆ ಕೆಟ್ಟರೆ ಒಂದು ಸಂಸಾರದ ಆಸೆ, ಹಣ, ನೆಮ್ಮದಿ ಎಲ್ಲವೂ ಅದರ ಹಿಂದೆ ಹೋಗುತ್ತವೆ.

ನಾನು ಇಲ್ಲಿ ಎತ್ತಿಕೊಂಡಿರುವ ರೂಪಕಕ್ಕೆ ಇಂಗ್ಲಿಷಿನಲ್ಲಿ ‘ಹೈಬರ್ನೇಟಿಂಗ್ ಮಯೋಕಾರ್ಡಿಯಂ’ ಎಂದು ಹೆಸರು. ಮಯೋಕಾರ್ಡಿಯಂ ಎಂದರೆ ಹೃದಯದ ಸ್ನಾಯು. ಹೈಬರ್ನೇಷನ್ ಎಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ಶಿಶಿರನಿದ್ರೆ ಎಂದು ಕರೆಯುತ್ತ ಬಂದಿವೆ. ಅಂತೂ ಎರಡನ್ನೂ ಸೇರಿಸಿದರೆ ‘ಶಿಶಿರನಿದ್ರೆಯಲ್ಲಿರುವ ಹೃದಯಸ್ನಾಯು’ ಎಂದಾಯಿತು. ಕೇಳುವುದಕ್ಕೆ ಸೊಗಸಾಗಿದೆ. ಸೊಗಸಾಗಿರುವುದರಿಂದಲೇ ಅದನ್ನು ಸ್ವಲ್ಪ ಪರೀಕ್ಷಿಸಬೇಕು.

ಈ ರೂಪಕ ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಯೋಣ. ಹೃದಯಕ್ಕೇ ರಕ್ತ ಒದಗಿಸುವ ನಾಳ ಕಿರಿದಾದಾಗ, ಆ ನಾಳವನ್ನು ನೆಚ್ಚಿಕೊಂಡಿರುವ ಸ್ನಾಯುಭಾಗ ಅಲುಗುವುದನ್ನು ಕಡಿಮೆ ಮಾಡುತ್ತದೆ, ಕೆಲವೊಮ್ಮೆ ನಿಲ್ಲಿಸಿಯೇಬಿಡುತ್ತದೆ. ಅಲುಗದ ಸ್ನಾಯು ಸತ್ತ ಸ್ನಾಯು, ಅಲ್ಲಿರುವುದು ಮಾಸಿದ ಗಾಯದ ಕಲೆ ಮಾತ್ರ ಎಂದು ಬಹುಕಾಲ ನಂಬಿದ್ದರು. 1970ರ ದಶಕದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ಬಳಕೆಗೆ ಬಂದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಸತ್ತಿತೆಂದು ಕೈಬಿಟ್ಟಿದ್ದ ಗೋಡೆ, ರಕ್ತ ಮರಳಿ ಹರಿದಾಗ, ಕೆಲವು ರೋಗಿಗಳಲ್ಲಿ ಮತ್ತೆ ಅಲುಗತೊಡಗಿತು. ಹಾಗಾದರೆ ಅದು ಸತ್ತಿರಲಿಲ್ಲ. ಸಾಯದೆ ಸುಮ್ಮನಿದ್ದುದಕ್ಕೆ ಒಂದು ಹೆಸರು ಬೇಕಾಯಿತು.

ಮೊದಲು ಎರಡು ಹೆಸರುಗಳು ಪೈಪೋಟಿಗೆ ನಿಂತವು. 1982ರಲ್ಲಿ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಎಂಬ ವೈದ್ಯರು ‘ಸ್ಟನ್ಡ್’ ಎಂಬ ಮಾತನ್ನು ಬಳಸಿದರು. ಏಟು ತಿಂದು ತಲೆ ತಿರುಗಿ ಕುಳಿತವನ ಚಿತ್ರ ಅದು. ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಿದೆ, ಆದರೂ ಸ್ನಾಯು ಕೆಲವು ಗಂಟೆಯೋ ಕೆಲವು ದಿನವೋ ಚೇತರಿಸಿಕೊಂಡಿಲ್ಲ, ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಇನ್ನೊಂದು ಹೆಸರು ‘ಹೈಬರ್ನೇಟಿಂಗ್’. 1978ರ ಪ್ರಬಂಧವೊಂದರಲ್ಲಿಯೇ ಈ ಮಾತು ಇಣುಕಿತ್ತು. ಅದಕ್ಕೆ ಸಿದ್ಧಾಂತದ ಬಲವನ್ನೂ ಪ್ರಚಾರವನ್ನೂ ತಂದುಕೊಟ್ಟವರು ಲಾಸ್ ಏಂಜಲೀಸಿನ ಹೃದ್ರೋಗತಜ್ಞ ಶಹಾಬುದ್ದೀನ್ ರಹೀಂತೂಲಾ. 1985ರಲ್ಲಿ ಒಮ್ಮೆ, 1989ರಲ್ಲಿ ಇನ್ನೂ ಸ್ಪಷ್ಟವಾಗಿ ಬರೆದರು. ಅವರ ವಾದದ ತಿರುಳು ನಮ್ಮಂಥ ಮಧ್ಯಮ ವರ್ಗದವರಿಗೆ ಬಹಳ ಸುಲಭವಾಗಿ ತಿಳಿಯುತ್ತದೆ. ವರಮಾನ ಇಳಿಯಿತು, ಸಂಸಾರ ಖರ್ಚನ್ನೂ ಇಳಿಸಿಕೊಂಡಿತು. ಹಾಗೆಯೇ ರಕ್ತ ಕಡಿಮೆಯಾಯಿತು. ಸ್ನಾಯು ದುಡಿಮೆಯನ್ನು ತಗ್ಗಿಸಿ ಪ್ರಾಣವನ್ನು ಉಳಿಸಿಕೊಂಡಿತು. ವರಮಾನ ಮರಳಿದರೆ ಮನೆ ಮೊದಲಿನಂತಾಗುತ್ತದೆ.

ನಮ್ಮ ಅಲಂಕಾರಶಾಸ್ತ್ರದ ಪ್ರಕಾರ ಹೋಲಿಕೆಗೆ ನಾಲ್ಕು ಅಂಗಗಳುಂಟು. ಹೋಲಿಸಲ್ಪಡುವ ವಸ್ತು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಎರಡಕ್ಕೂ ಸಮಾನವಾದ ಗುಣ ಸಾಧಾರಣಧರ್ಮ, ಇವನ್ನು ಬೆಸೆಯುವ ‘ಅಂತೆ’ ಎಂಬ ಮಾತು ವಾಚಕ. ಇಲ್ಲಿ ಉಪಮೇಯ ರೋಗಿಯ ಹೃದಯ. ಉಪಮಾನ ಶಿಶಿರದ ಪ್ರಾಣಿ. ಸಾಧಾರಣಧರ್ಮ, ದುಡಿಮೆ ತಗ್ಗಿಸಿ ಜೀವ ಉಳಿಸಿಕೊಳ್ಳುವುದು. ಉಪಮೇಯವನ್ನು ವೈದ್ಯರು ಐವತ್ತು ವರ್ಷಗಳಿಂದ ನಾನಾ ಯಂತ್ರಗಳಲ್ಲಿ ನೋಡಿದ್ದಾರೆ. ಅವರಲ್ಲಿ ಎಷ್ಟು ಮಂದಿ ಉಪಮಾನವನ್ನು ತಿರುಗಿ ನೋಡಿದರೆಂಬುದೇ ನನ್ನ ಪ್ರಶ್ನೆ. ಆ ಕೆಲಸ ನಾವು ಮಾಡೋಣ.

ಪದದಿಂದಲೇ ಆರಂಭಿಸಬಹುದು. ಹೈಬರ್ನೇಷನ್ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯದು. ಅದಕ್ಕೆ ‘ಚಳಿಗಾಲ ಕಳೆಯುವುದು’ ಎಂದಷ್ಟೇ ಅರ್ಥ. ರೋಮನ್ ಸೈನಿಕರು ಚಳಿಗಾಲದಲ್ಲಿ ತಂಗುತ್ತಿದ್ದ ಪಾಳೆಯಕ್ಕೂ ಅದೇ ಮೂಲದ ಹೆಸರಿತ್ತು. ಅಲ್ಲಿ ನಿದ್ರೆಯ ಸುಳಿವೇ ಇಲ್ಲ. ಜರ್ಮನರು ಅದನ್ನು ‘ಚಳಿಗಾಲದ ನಿದ್ರೆ’ ಎಂದರು. ನಾವೂ ‘ಶಿಶಿರನಿದ್ರೆ’ ಎಂದೆವು. ಕುಂಭಕರ್ಣನ ಕಥೆ ಕೇಳಿ ಬೆಳೆದವರಿಗೆ ತಿಂಗಳುಗಟ್ಟಲೆ ಅಲುಗದೆ ಬಿದ್ದಿರುವ ಪ್ರಾಣಿಯನ್ನು ಕಂಡು ನಿದ್ರೆಯೆಂದು ತೋರಿದ್ದು ಸಹಜವೇ. ಸಹಜವಾದದ್ದೆಲ್ಲ ಸತ್ಯವಾಗಬೇಕೆಂದಿಲ್ಲ.

ಉತ್ತರ ಅಮೆರಿಕದ ನೆಲ ಅಳಿಲನ್ನು ನೋಡಿ. ಮರ ಹತ್ತುವ ನಮ್ಮ ಅಳಿಲಿನ ಬಳಗದ್ದೇ ಆದರೂ ಇದು ಬಿಲವಾಸಿ. ಬೇಸಗೆಯಲ್ಲಿ ಮೇದು ಕೊಬ್ಬು ಕೂಡಿಟ್ಟುಕೊಂಡು ಬಿಲ ಸೇರುತ್ತದೆ. ಚುರುಕಾಗಿರುವಾಗ ನಿಮಿಷಕ್ಕೆ 200ಕ್ಕೂ ಮಿಕ್ಕಿ ಬಡಿಯುವ ಅದರ ಹೃದಯ ಆಗ 10ಕ್ಕಿಂತ ಕೆಳಗಿಳಿಯುತ್ತದೆ. ಮೈ ಸುತ್ತಲಿನ ಮಣ್ಣಿನಷ್ಟೇ ತಣ್ಣಗಾಗುತ್ತದೆ. ಅಲಾಸ್ಕದ ನೆಲ ಅಳಿಲಿನ ಹೊಟ್ಟೆಯ ಉಷ್ಣತೆ ಸೊನ್ನೆಗಿಂತಲೂ ಕೆಳಗೆ, ಮೈನಸ್ 2.9 ಡಿಗ್ರಿ ಸೆಲ್ಸಿಯಸ್‌ವರೆಗೆ, ಇಳಿದದ್ದನ್ನು ಬ್ರಯನ್ ಬಾರ್ನ್ಸ್ ಎಂಬ ವಿಜ್ಞಾನಿ 1989ರಲ್ಲಿ ಪ್ರಕಟಿಸಿದರು. ಆದರೂ ಅದರ ರಕ್ತ ಹೆಪ್ಪುಗಟ್ಟುವುದಿಲ್ಲ, ಹೃದಯ ನಿಲ್ಲುವುದಿಲ್ಲ.

ಇದು ನಿದ್ರೆಯೆ? ಅಲ್ಲ. ಆ ಅಳಿಲು ಚಳಿಗಾಲವನ್ನೆಲ್ಲ ಒಂದೇ ಸಮನೆ ಹಾಗೆ ಕಳೆಯುವುದಿಲ್ಲ. ಒಂದೆರಡು ಅಥವಾ ಮೂರು ವಾರಗಳಿಗೊಮ್ಮೆ ತನ್ನ ಕೊಬ್ಬನ್ನು ಉರಿಸಿ ಮೈಯನ್ನು ನಮ್ಮ ಮೈಯಷ್ಟೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಒಂದು ದಿನಕ್ಕಿಂತ ಕಡಿಮೆ ಹೊತ್ತು ಹಾಗಿದ್ದು ಮತ್ತೆ ತಣ್ಣಗಾಗುತ್ತದೆ. ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಬಹುಪಾಲು ಖರ್ಚಾಗುವುದು ಈ ಬೆಚ್ಚಗಾಗುವ ಕೆಲಸಕ್ಕೆ. ಇಷ್ಟು ದುಬಾರಿ ಬೆಲೆ ತೆತ್ತು ಎದ್ದು ಅದು ಮಾಡುವುದೇನು? 1991ರಲ್ಲಿ ಸರ್ಜ್ ಡಾನ್, ಬಾರ್ನ್ಸ್ ಮೊದಲಾದವರು ಅದರ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದು ನೋಡಿದಾಗ, ಹಾಗೆ ಬೆಚ್ಚಗಾದ ಹೊತ್ತಿನ ಹೆಚ್ಚಿನ ಭಾಗವನ್ನು ಅದು ನಿದ್ದೆ ಮಾಡಿ ಕಳೆಯುತ್ತದೆಂದು ಕಂಡಿತು. ‘ನಿದ್ರೆ’ಯಿಂದ ಎದ್ದು ನಿದ್ದೆ ಮಾಡುವ ಪ್ರಾಣಿ! ಇದಕ್ಕಿಂತ ದೊಡ್ಡ ಆಕ್ಷೇಪಣೆಯನ್ನು ನಮ್ಮ ‘ಶಿಶಿರನಿದ್ರೆ’ ಎಂಬ ಪದದ ಮೇಲೆ ಯಾವ ವೈಯಾಕರಣಿಯೂ ಎತ್ತಲಾರ.

ಈಗ ಹೃದಯಕ್ಕೆ ಬರೋಣ. ಮೈ ತಣ್ಣಗಾದ್ದರಿಂದ ಹೃದಯ ನಿಧಾನವಾಯಿತು ಎಂದು ನಾವು ಊಹಿಸುತ್ತೇವೆ. ಹಾರ್ವರ್ಡಿನ ಚಾರ್ಲ್ಸ್ ಲೈಮನ್ ಮೊದಲಾದವರು ನೋಡಿದ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಹೃದಯ ನಿಧಾನವಾಗುತ್ತದೆ. ಆಮೇಲೆ ಮೈ ತಣ್ಣಗಾಗುತ್ತದೆ. ಏಳುವಾಗಲೂ ಮೊದಲು ಬಡಿತ ಏರುತ್ತದೆ, ಶಾಖ ಹಿಂದಿನಿಂದ ಬರುತ್ತದೆ. ಚಳಿ ಅದನ್ನು ಹೊಡೆದು ಕೆಡಹಿದ್ದಲ್ಲ. ಪ್ರಾಣಿ ತಾನೇ ಒಳಗಿನ ಆಜ್ಞೆಯಿಂದ ಇಳಿಯಿತು. ಅಲಾಸ್ಕದ ಕಪ್ಪು ಕರಡಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತು. ಕರಡಿಯ ಮೈ 30ರಿಂದ 36 ಡಿಗ್ರಿಯ ನಡುವೆ ಬೆಚ್ಚಗೇ ಇತ್ತು. ಆದರೂ ಅದರ ದೇಹದ ಒಟ್ಟು ವೆಚ್ಚ ವಿಶ್ರಾಂತಿಯ ವೆಚ್ಚದ ಕಾಲುಭಾಗಕ್ಕೆ ಇಳಿದಿತ್ತು. 55 ಇದ್ದ ಬಡಿತ ಕೆಲವೊಮ್ಮೆ 9ಕ್ಕೆ ಮುಟ್ಟಿತ್ತು. ಚಳಿಯನ್ನು ಕಾರಣವಾಗಿ ಹಿಡಿಯುವಂತೆಯೇ ಇಲ್ಲ.

ಇನ್ನೂ ಒಳಹೊಕ್ಕು ಜೀವಕೋಶವನ್ನು ನೋಡಿದರೆ ವಿಸ್ಮಯ ಹೆಚ್ಚುತ್ತದೆ. ಪ್ರತಿ ಬಡಿತದಲ್ಲಿಯೂ ಹೃದಯದ ಜೀವಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಆಗ ಸ್ನಾಯು ಕುಗ್ಗುತ್ತದೆ. ಅದನ್ನು ಮತ್ತೆ ಉಗ್ರಾಣಕ್ಕೆ ಸೇರಿಸಿದಾಗ ಸ್ನಾಯು ಸಡಿಲುತ್ತದೆ. ಇಲಿಯ ಹೃದಯವನ್ನಾಗಲಿ ನಮ್ಮ ಹೃದಯವನ್ನಾಗಲಿ ತಣ್ಣಗೆ ಮಾಡುತ್ತ ಹೋದರೆ ಈ ಸೇರಿಸುವ ಕೆಲಸ ಹಿಂದೆ ಬೀಳುತ್ತದೆ, ಕ್ಯಾಲ್ಸಿಯಂ ಹೊರಗೇ ತುಂಬಿಕೊಳ್ಳುತ್ತದೆ, ಬಡಿತದ ತಾಳ ತಪ್ಪುತ್ತದೆ. ಮನುಷ್ಯನ ಮೈ ಸುಮಾರು 28 ಡಿಗ್ರಿಗಿಂತ ಕೆಳಗಿಳಿದರೆ ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ನಡುಗತೊಡಗುವ ಭಯವುಂಟು. ನೆಲ ಅಳಿಲಿನ ಜೀವಕೋಶ ಆ ಚಳಿಯಲ್ಲಿಯೂ ಉಗ್ರಾಣದ ಲೆಕ್ಕವನ್ನು ಚೊಕ್ಕವಾಗಿ ಇಟ್ಟುಕೊಂಡಿರುತ್ತದೆ. ಅದರ ಉರುವಲೂ ಬದಲಾಗಿರುತ್ತದೆ. ಸಕ್ಕರೆಯನ್ನು ಉರಿಸುವ ದಾರಿಗೆ ಅಡ್ಡಗಟ್ಟೆ ಹಾಕಿ ಕೊಬ್ಬನ್ನೇ ಉರಿಸುತ್ತದೆ. ಸಕ್ಕರೆ ಅದಿಲ್ಲದೆ ನಡೆಯದ ಅಂಗಗಳಿಗೆ ಉಳಿಯುತ್ತದೆ. ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡು ಕುಳಿತವನನ್ನು ಮಲಗಿದ್ದಾನೆ ಎನ್ನಬಹುದೆ?

ಈ ಉಪಮಾನದ ಮೇಲೆ ವೈದ್ಯರ ಕಣ್ಣು ಬಿದ್ದದ್ದು ರಹೀಂತೂಲಾ ಅವರ ಕಾಲದಲ್ಲಿ ಮೊದಲಲ್ಲ. ಕೆನಡದ ಟೊರಾಂಟೋ ನಗರದ ಶಸ್ತ್ರವೈದ್ಯ ವಿಲ್‌ಫ್ರೆಡ್ ಬಿಗೆಲೋ 1940ರ ದಶಕದ ಕೊನೆಯಲ್ಲಿಯೇ, ದೇಹವನ್ನು ತಣ್ಣಗೆ ಮಾಡಿದರೆ ಅದಕ್ಕೆ ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ, ಆಗ ರಕ್ತವನ್ನು ಕೆಲವು ನಿಮಿಷ ತಡೆದು ಹೃದಯವನ್ನು ತೆರೆಯಬಹುದು ಎಂದು ಆಲೋಚಿಸಿದರು. ನಾಯಿಗಳ ಮೇಲೆ ಅವರು ಮಾಡಿದ ಪ್ರಯೋಗಗಳು ದಾರಿ ತೋರಿದವು. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನೆಸೋಟದಲ್ಲಿ ಜಾನ್ ಲೂಯಿಸ್ ಎಂಬ ವೈದ್ಯರು ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ತಣ್ಣಗೆ ಮಾಡಿ, ಹೃದಯವನ್ನು ತೆರೆದು, ಒಳಗಿನ ರಂಧ್ರವನ್ನು ಹೊಲಿದರು, ಹುಡುಗಿ ಬದುಕಿದಳು. ಬಿಗೆಲೋ ಮಾತ್ರ ಅಷ್ಟಕ್ಕೆ ತೃಪ್ತರಾಗಲಿಲ್ಲ. ಬಿಲವಾಸಿ ಪ್ರಾಣಿಗಳು ತಮ್ಮೊಳಗೆ ಯಾವುದೋ ಒಂದು ದ್ರವ್ಯವನ್ನು ಇಟ್ಟುಕೊಂಡಿರಬೇಕು, ಅದು ಸಿಕ್ಕಿದರೆ ಮನುಷ್ಯನನ್ನು ಇನ್ನೂ ಆಳವಾಗಿ ತಣ್ಣಗೆ ಮಾಡಬಹುದು ಎಂದು ಅದಕ್ಕೆ ‘ಹೈಬರ್ನಿನ್’ ಎಂದು ಹೆಸರನ್ನೂ ಇಟ್ಟು ವರ್ಷಗಟ್ಟಲೆ ಹುಡುಕಿದರು. ಅದು ಅವರ ಕೈಗೆ ಸಿಗಲಿಲ್ಲ.

ಬಿಗೆಲೋ ಅವರನ್ನು ನಾನು ಒಳ್ಳೆಯ ಓದುಗರೆಂದು ಕರೆಯುತ್ತೇನೆ. ಪ್ರಾಣಿಯಿಂದ ಚಳಿಯನ್ನಷ್ಟೇ ಎರವಲು ಪಡೆದರು. ಪಡೆದದ್ದು ಅಷ್ಟೇ ಎಂಬುದು ಅವರಿಗೆ ಗೊತ್ತಿತ್ತು. ಉಳಿದದ್ದಕ್ಕಾಗಿ ಮತ್ತೆ ಪ್ರಾಣಿಯ ಬಳಿಗೇ ಹೋದರು. ಹೋಲಿಕೆಯನ್ನು ಉತ್ತರವೆಂದು ಭಾವಿಸದೆ ಪ್ರಶ್ನೆಯೆಂದು ಭಾವಿಸಿದರು.

ಈಗ ಉಪಮಾನವನ್ನೂ ಉಪಮೇಯವನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸೋಣ. ಪ್ರಾಣಿಯಲ್ಲಿ ಮೊದಲು ಬೇಡಿಕೆ ಇಳಿಯುತ್ತದೆ, ರಕ್ತದ ಹರಿವು ಅದನ್ನು ಅನುಸರಿಸುತ್ತದೆ. ರೋಗಿಯಲ್ಲಿ ಮೊದಲು ರಕ್ತ ಇಳಿಯುತ್ತದೆ, ಸ್ನಾಯು ವಿಧಿಯಿಲ್ಲದೆ ಬೇಡಿಕೆಯನ್ನು ಇಳಿಸುತ್ತದೆ. ಒಬ್ಬ ವ್ರತಕ್ಕಾಗಿ ಉಪವಾಸವಿದ್ದಾನೆ, ಇನ್ನೊಬ್ಬ ಅನ್ನವಿಲ್ಲದೆ ಉಪವಾಸವಿದ್ದಾನೆ. ಹೊಟ್ಟೆ ಇಬ್ಬರದೂ ಖಾಲಿ. ಉರುವಲಿನ ವಿಷಯದಲ್ಲಿ ಇಬ್ಬರೂ ವಿರುದ್ಧ ದಿಕ್ಕಿಗೆ ನಡೆದಿದ್ದಾರೆ. ಅಳಿಲಿನ ಹೃದಯ ಸಕ್ಕರೆಯನ್ನು ಬಿಟ್ಟು ಕೊಬ್ಬಿಗೆ ಹೋಯಿತು. ಆರೋಗ್ಯವಂತ ಮನುಷ್ಯನ ಹೃದಯ ಹೆಚ್ಚಾಗಿ ಕೊಬ್ಬನ್ನೇ ಉರಿಸುತ್ತದೆ; ರಕ್ತ ಕಡಿಮೆಯಾದ ಈ ಸ್ನಾಯು ಸಕ್ಕರೆಯ ಕಡೆಗೆ ತಿರುಗುತ್ತದೆ. ವೈದ್ಯರು ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಸೇರಿಸಿ ಪೆಟ್ ಯಂತ್ರದಲ್ಲಿ ಅದನ್ನು ಗುರುತಿಸುವುದೇ ಈ ಲಕ್ಷಣದಿಂದ. ಇನ್ನು, ಮನುಷ್ಯರ ಇಂಥ ಸ್ನಾಯುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರಿಗೆ, ಜೀವಕೋಶದೊಳಗೆ ಕುಗ್ಗಿ ಹಿಗ್ಗುವ ಎಳೆಗಳೇ ಕಡಿಮೆಯಾಗಿ ಆ ಜಾಗದಲ್ಲಿ ಗ್ಲೈಕೊಜೆನ್ ತುಂಬಿಕೊಂಡಿದ್ದು ಕಾಣಿಸಿತು. ಖರ್ಚು ಇಳಿಸಿದ ಸಂಸಾರ ಕೊನೆಗೆ ಪಾತ್ರೆಪಗಡಗಳನ್ನೂ ಮಾರಿಕೊಂಡಿದೆ ಎಂದಂತಾಯಿತು. ಸುಮ್ಮನಿರುವಾಗ ಅಳೆದರೆ ಇಂಥ ಸ್ನಾಯುವಿಗೆ ರಕ್ತ ಅಷ್ಟೇನೂ ಕಡಿಮೆಯಿರುವುದಿಲ್ಲ, ಮೇಲಿಂದ ಮೇಲೆ ಏಟು ತಿಂದೇ ಅದು ಹೀಗಾಗಿದೆ ಎಂದು 1990ರ ದಶಕದಿಂದ ವಾದಿಸಿದವರೂ ಉಂಟು. ಅವರ ಮಾತು ಎಲ್ಲಿ ನಿಜವೋ ಅಲ್ಲಿ, ಸೋತ ಪೈಪೋಟಿಗಾರನಾದ ‘ಸ್ಟನ್ಡ್’ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿದ್ದಾನೆ.

ಇವೆಲ್ಲಕ್ಕಿಂತ ದೊಡ್ಡ ಭೇದ ಏಳುವುದರಲ್ಲಿದೆ. ಅಳಿಲು ತಾನಾಗಿ ಏಳುತ್ತದೆ. ಎದ್ದಾಗ ಅದರ ಹೃದಯಕ್ಕೆ ಗಾಯವಾಗಿರುವುದಿಲ್ಲ. ಏಳುವ ಶಕ್ತಿ ಮಲಗುವ ಮೊದಲೇ ಅದರ ಮೈಯಲ್ಲಿ ಕೊಬ್ಬಾಗಿ ಕೂಡಿಟ್ಟಿರುತ್ತದೆ. ರೋಗಿಯ ಸ್ನಾಯುವಿಗೆ ಆ ಕೊಬ್ಬೂ ಇಲ್ಲ, ಆ ಆಜ್ಞೆಯೂ ಇಲ್ಲ. ಪ್ರಾಚೀನ ಆಲಂಕಾರಿಕನಾದ ಭಾಮಹ ಉಪಮೆಯ ಏಳು ದೋಷಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು, ಉಪಮಾನದಲ್ಲಿ ಉಪಮೇಯಕ್ಕಿಂತ ಅಧಿಕವಾದದ್ದು ಸೇರಿಕೊಳ್ಳುವುದು. ಉಪಮೇಯಕ್ಕೆ ಇಲ್ಲದ ಐಶ್ವರ್ಯವನ್ನು ಉಪಮಾನ ಕದ್ದು ತಂದು ತುಂಬುತ್ತದೆ. ನಮ್ಮ ರೂಪಕದ ದೋಷ ಇದೇ. ಶಿಶಿರ ಎಂದ ಕೂಡಲೆ ವಸಂತ ಬಂದೇ ಬರುತ್ತದೆ ಎಂಬ ಭರವಸೆಯನ್ನು ಅದು ಯಾರೂ ಕೇಳದೆಯೆ ತಂದಿಟ್ಟಿತು.

ಈ ಭರವಸೆ ಮನೆಮನೆಗೆ ಹೇಗೆ ತಲಪುತ್ತದೆ ಎಂಬುದನ್ನು ನಾನೊಮ್ಮೆ ಕಂಡೆ. ಬಂಧುಗಳೊಬ್ಬರಿಗೆ ಹೃದಯದ ತೊಂದರೆಯಾದಾಗ ತರುಣ ವೈದ್ಯರೊಬ್ಬರು ಚಿತ್ರ ತೋರಿಸಿ, “ಈ ಭಾಗ ಸತ್ತಿಲ್ಲ ಅಮ್ಮ, ಮಲಗಿದೆ ಅಷ್ಟೆ” ಎಂದರು. ನನ್ನ ಚಿಕ್ಕಮ್ಮ ಕೂಡಲೆ, “ಹಾಗಾದರೆ ಎಬ್ಬಿಸಿಬಿಡಿ ಡಾಕ್ಟರೆ, ಎಷ್ಟು ಖರ್ಚಾದರೂ ಆಗಲಿ” ಎಂದರು. ವೈದ್ಯರು ಸುಳ್ಳು ಹೇಳಿರಲಿಲ್ಲ. ಚಿಕ್ಕಮ್ಮನ ತರ್ಕದಲ್ಲೂ ತಪ್ಪಿರಲಿಲ್ಲ. ಮಲಗಿದ್ದನ್ನು ಎಬ್ಬಿಸಬೇಕು, ಎಬ್ಬಿಸಿದರೆ ಏಳಬೇಕು. ಆ ತರ್ಕವನ್ನು ಅವರ ಕೈಗೆ ಕೊಟ್ಟದ್ದು ಒಂದು ಕ್ರಿಯಾಪದ.

ವಸ್ತುಸ್ಥಿತಿ ಹಾಗೆ ಸರಳವಾಗಿಲ್ಲವೆಂದು ಈಚಿನ ದೊಡ್ಡ ಪರೀಕ್ಷೆಗಳು ಹೇಳುತ್ತವೆ. ನಾಳಗಳು ಕಟ್ಟಿ ಹೃದಯ ದುರ್ಬಲವಾದ 1,212 ಮಂದಿಯನ್ನು ಕುರಿತು ‘ಸ್ಟಿಚ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ನಡೆಯಿತು. ಅವರಲ್ಲಿ 601 ಮಂದಿಯ ಸ್ನಾಯು ಜೀವಂತವಾಗಿದೆಯೆ ಎಂದೂ ನೋಡಿದ್ದರು. ಜೀವಂತ ಸ್ನಾಯು ಉಳ್ಳವರಿಗೇ ಬೈಪಾಸ್‌ನಿಂದ ವಿಶೇಷ ಲಾಭ ಎಂಬ ನಿರೀಕ್ಷೆಯನ್ನು 2011ರಲ್ಲಿ ಬಂದ ಫಲಿತಾಂಶ ಎತ್ತಿಹಿಡಿಯಲಿಲ್ಲ. ಶಸ್ತ್ರಚಿಕಿತ್ಸೆ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಹತ್ತು ವರ್ಷಗಳ ಲೆಕ್ಕ 2016ರಲ್ಲಿ ಬಂದಾಗ, ಬರಿಯ ಔಷಧ ಪಡೆದವರಲ್ಲಿ ನೂರಕ್ಕೆ 66.1 ಮಂದಿ ತೀರಿಕೊಂಡಿದ್ದರು, ಬೈಪಾಸ್ ಆದವರಲ್ಲಿ 58.9. ಲಾಭವಿತ್ತು, ‘ಮಲಗಿದ್ದು ಎದ್ದಿತು’ ಎಂಬ ಕಥೆಯಿಂದ ಮಾತ್ರ ಅದನ್ನು ವಿವರಿಸಲಾಗಲಿಲ್ಲ. 2022ರಲ್ಲಿ ಬ್ರಿಟನ್ನಿನ ಇನ್ನೊಂದು ಪರೀಕ್ಷೆ ಜೀವಂತ ಸ್ನಾಯು ಇದ್ದ 700 ಮಂದಿಯನ್ನೇ ಆರಿಸಿಕೊಂಡು, ಅರ್ಧ ಜನಕ್ಕೆ ಔಷಧದ ಜೊತೆ ಸ್ಟೆಂಟ್ ಹಾಕಿಸಿತು. ಸುಮಾರು ಮೂರೂವರೆ ವರ್ಷಗಳಲ್ಲಿ ಸತ್ತವರು ಅಥವಾ ಹೃದಯ ಸೋತು ಆಸ್ಪತ್ರೆ ಸೇರಿದವರು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 37.2, ಬರಿಯ ಔಷಧದವರಲ್ಲಿ 38. ಹೃದಯ ರಕ್ತವನ್ನು ಒತ್ತುವ ಶಕ್ತಿಯಲ್ಲಿಯೂ ಎರಡು ಗುಂಪುಗಳಿಗೆ ಅಂತರ ಕಾಣಲಿಲ್ಲ. ಆ ಪರೀಕ್ಷೆಗೆ ಇಟ್ಟಿದ್ದ ಹೆಸರು ‘ರಿವೈವ್ಡ್’, ಎಂದರೆ ಮತ್ತೆ ಜೀವ ಬಂದದ್ದು! ಶಾಸ್ತ್ರಜ್ಞರೂ ಹೆಸರಿಡುವಾಗ ಕವಿಗಳಾಗುತ್ತಾರೆ. ಎಣಿಸುವಾಗ ಮತ್ತೆ ಶಾಸ್ತ್ರಜ್ಞರಾಗುತ್ತಾರೆ. ಯಾವ ರೋಗಿಗೆ ಯಾವುದು ಯೋಗ್ಯ ಎಂಬುದು ಅವರವರ ವೈದ್ಯರು ನಿರ್ಧರಿಸಬೇಕಾದ ಸಂಗತಿ. ಅದರಲ್ಲಿ ವಿಮರ್ಶಕನಿಗೆ ಅಧಿಕಾರವಿಲ್ಲ. ಹೆಸರಿನಲ್ಲಿ ಉಂಟು.

ಹಾಗಾದರೆ ಈ ರೂಪಕವನ್ನು ತಿಪ್ಪೆಗೆ ಎಸೆಯಬೇಕೆ? ಬೇಡ. ಅದು ಹುಟ್ಟುವ ಮೊದಲು ವೈದ್ಯರ ಬಳಿ ಇದ್ದದ್ದು ಎರಡೇ ಮಾತು: ಬದುಕಿದೆ, ಸತ್ತಿದೆ. ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದುಂಟು ಎಂದು ನೂರು ಅಂಕಿಅಂಶಗಳು ಹೇಳಲಾರದ್ದನ್ನು ಅದು ಒಂದು ಪದದಲ್ಲಿ ಹೇಳಿತು. ಒಳ್ಳೆಯ ರೂಪಕ ಮಾಡುವ ಕೆಲಸವೇ ಅದು. ಆ ಪುಣ್ಯ ರಹೀಂತೂಲಾ ಅವರದು. ಅವರ ನಂತರ ಬಂದವರು ಹೋಲಿಕೆಯ ‘ಅಂತೆ’ಯನ್ನು ಕಳೆದುಕೊಂಡರು. ಶಿಶಿರದ ಪ್ರಾಣಿಯಂತೆ ಎಂದಿದ್ದರೆ ಎಷ್ಟರಮಟ್ಟಿಗೆ ಎಂದು ಯಾರಾದರೂ ಕೇಳುತ್ತಿದ್ದರು. ಶಿಶಿರನಿದ್ರೆಯಲ್ಲಿರುವ ಸ್ನಾಯು ಎಂದ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಉಪಮೆ ಪ್ರಶ್ನೆಗೆ ಎಡೆಗೊಡುತ್ತದೆ. ರೂಪಕ ಅಭೇದವನ್ನು ಸಾರಿ ಬಾಗಿಲು ಮುಚ್ಚುತ್ತದೆ.

ಕನ್ನಡದ ಮಟ್ಟಿಗೆ ನನ್ನ ಸೂಚನೆ ಎರಡು. ಪ್ರಾಣಿಯ ವಿಷಯದಲ್ಲಿ ನಿದ್ರೆಯನ್ನು ಬಿಟ್ಟು ‘ಶಿಶಿರವಾಸ’ ಎನ್ನೋಣ. ಮಳೆಗಾಲದ ನಾಲ್ಕು ತಿಂಗಳು ಸಂನ್ಯಾಸಿಗಳು ಒಂದೆಡೆ ನಿಲ್ಲುವುದನ್ನು ಚಾತುರ್ಮಾಸ್ಯ ಎನ್ನುತ್ತೇವೆ. ಯಾರೂ ಅವರು ಮಲಗಿದರೆಂದು ತಿಳಿಯುವುದಿಲ್ಲ. ನಿಂತದ್ದು ವ್ರತ, ಹೊರಡುವುದೂ ವ್ರತವೇ. ಲ್ಯಾಟಿನ್ ಮೂಲಕ್ಕೂ ಅಳಿಲಿನ ನಡತೆಗೂ ಈ ಮಾತು ಹೆಚ್ಚು ಹತ್ತಿರ. ರೋಗಿಯ ಹೃದಯದ ವಿಷಯದಲ್ಲಿ ಕಾಡನ್ನೂ ಬಿಲವನ್ನೂ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ‘ಜೀವ ಹಿಡಿದುಕೊಂಡಿದೆ’ ಎಂದು ನಮ್ಮ ಹೆಂಗಸರು ಬರಗಾಲದ ದನವನ್ನೂ ಬಾಡಿದ ತುಳಸಿಯನ್ನೂ ಕುರಿತು ಹೇಳುತ್ತಾರೆ. ಆ ಮಾತಿನಲ್ಲಿ ಸಾವು ಇಲ್ಲ, ವಸಂತದ ಭರವಸೆಯೂ ಇಲ್ಲ. ನೀರೆರೆದರೆ ಚಿಗುರಬಹುದು, ಚಿಗುರದೆಯೂ ಇರಬಹುದು. ಅಂತೂ ಎರೆಯುವವರು ತಿಳಿದು ಎರೆಯುತ್ತಾರೆ.